ನಾವು ಗುಡಿಸಿದ ಓಣಿ

ಓಣಿಯನ್ನು ಸ್ವಚ್ಛ ಮಾಡಬೇಕೆಂದು ನಾವು ಹನ್ನೆರಡು ಮಂದಿ ಮಂಡಳಿ ಕಟ್ಟಿದಾಗ ನಮಗೆ ಎದುರಾದ ಮೊದಲ ತೊಂದರೆ ಎಂದರೆ, ಓಣಿಯಲ್ಲಿ ಕಸವೇ ಇರಲಿಲ್ಲ. ನಗುವವರು ನಗಬಹುದು. ನಾನೂ ಬಹಳ ವರ್ಷ ಇದನ್ನು ನಗೆಯ ಕಥೆಯಾಗಿಯೇ ಹೇಳಿಕೊಂಡು ಬಂದೆ. ಮದುವೆ ಮನೆಗಳಲ್ಲಿ, ಅಂಗಡಿ ಕಟ್ಟೆಗಳ ಮೇಲೆ ಇಷ್ಟರ ತನಕ ಹೇಳುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವಾಗ ಮುಂದಿನದನ್ನು ನುಂಗಿಕೊಂಡು ಎದ್ದು ಬರುತ್ತಿದ್ದೆ. ನುಂಗಿದ್ದು ಜೀರ್ಣವಾಗಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಮ್ಮದು ಆದೋನಿಯಿಂದ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ಹಾದಿಯ ಊರು. ಪಟ್ಟಣ ಎಂದರೆ ಆದೋನಿಯವರು ನಗುತ್ತಿದ್ದರು, ಹಳ್ಳಿ ಎಂದರೆ ನಮಗೆ ಸಿಟ್ಟು ಬರುತ್ತಿತ್ತು. ಒಂದು ಪಂಚಾಯ್ತಿ ಬೋರ್ಡು ಇತ್ತು. ಬೋರ್ಡಿನಲ್ಲಿ ಕಸದ ಕೆಲಸ ನೋಡುವ ಒಬ್ಬ ಮೇಸ್ತ್ರಿ, ಅವನ ಕೈಕೆಳಗೆ ಓಣಿಗೊಬ್ಬರಂತೆ ಗುಡಿಸುವ ಆಳುಗಳು. ನಮ್ಮ ಪೇಟೆ ಓಣಿ ಹತ್ತಿ ವ್ಯಾಪಾರಿಗಳದ್ದು. ಸುಗ್ಗಿಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತರೆ ಸಗಣಿ, ಗಂಜಲ, ಶೇಂಗಾ ಸಿಪ್ಪೆ, ಎಲೆಯಡಿಕೆ ಉಗುಳು, ಅದರ ಮೇಲೆ ಹಾರಿ ಬಿದ್ದ ಹತ್ತಿ ಎಲ್ಲಾ ಸೇರಿ ಸಂಜೆಗೆ ಓಣಿಯಲ್ಲಿ ಕಾಲಿಡುವ ಹಾಗಿರುತ್ತಿರಲಿಲ್ಲ. ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅದೇ ಓಣಿ ಒಗೆದು ಹಿಂಡಿದ ಹಾಗಿರುತ್ತಿತ್ತು. ಅದನ್ನು ಯಾರು ಮಾಡುತ್ತಾರೆ ಎಂದು ಇಪ್ಪತ್ತೆರಡು ವರ್ಷ ನಾನು ಒಂದು ಸಲವೂ ಯೋಚಿಸಿರಲಿಲ್ಲ.

ಬಳ್ಳಾರಿಯಲ್ಲಿ ಕಾಲೇಜಿಗೆ ಸೇರಿ, ಎರಡು ಸಲ ಡುಮ್ಕಿ ಹೊಡೆದು, ಊರಿಗೆ ವಾಪಸು ಬಂದಿದ್ದೆ. ಅಪ್ಪನ ಹತ್ತಿ ಅಂಡಿಗೆಗಳ ಮೇಲೆ ಕೂತು ಪೇಪರು ಓದುವುದೇ ಉದ್ಯೋಗ. ಪೇಪರಿನಲ್ಲಿ ಆಗ ದಿನಾ ಸೇವೆಯ ಸುದ್ದಿ. ಎಲ್ಲೋ ವಿದ್ಯಾವಂತರು ಪೊರಕೆ ಹಿಡಿದು ಬೀದಿಗಿಳಿದರು, ಎಲ್ಲೋ ವಕೀಲರು ಕೆರೆಯ ಹೂಳೆತ್ತಿದರು. ನನ್ನಂಥ ಕೆಲಸವಿಲ್ಲದವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು? ಓಣಿಯ ಹುಡುಗರನ್ನು ಸೇರಿಸಿದೆ. ಎಲ್ಲರೂ ವ್ಯಾಪಾರಿಗಳ ಮಕ್ಕಳು, ಎಲ್ಲರ ಹಣೆಯ ಮೇಲೂ ಮೂರೆಳೆ ವಿಭೂತಿ, ಒಬ್ಬನ ಅಂಗೈಯಲ್ಲೂ ಒಂದು ಗುಳ್ಳೆಯ ಗುರುತಿಲ್ಲ. ತೋಳಿಗೆ ಹಸಿರು ಪಟ್ಟಿ, ತಲೆಗೆ ಬಿಳಿ ಟೋಪಿ, ಭಾನುವಾರಕ್ಕೊಮ್ಮೆ ಸೇವೆ ಎಂದು ಗೊತ್ತುಮಾಡಿಕೊಂಡೆವು. ಅಧ್ಯಕ್ಷ ನಾನೇ. ಬೇರೆ ಯಾರೂ ಎರಡು ಸಲ ಫೇಲಾಗಿರಲಿಲ್ಲ.

ಕಸಬರಿಗೆಯ ಪ್ರಶ್ನೆ ಬಂತು. ಮನೆಯ ಕಸಬರಿಗೆ ಬೀದಿಗೆ ಹೋದರೆ ಲಕ್ಷ್ಮಿ ಹಿಂದೆಯೇ ಹೋಗುತ್ತಾಳೆಂದು ಯಾವ ತಾಯಿಯೂ ಕೊಡಲಿಲ್ಲ. ಬೋರ್ಡಿನ ಆಳುಗಳ ಕಸಬರಿಗೆಯನ್ನು ಮುಟ್ಟುವ ಮಾತನ್ನು ಯಾರೂ ಎತ್ತಲೇ ಇಲ್ಲ. ಕೊನೆಗೆ ಆದೋನಿಯ ಸಂತೆಯಿಂದ ಹನ್ನೆರಡು ಹೊಸ ಕಸಬರಿಗೆ ತರಿಸಿದೆವು. ಬಂದವು ಮೆತ್ತನೆಯ ಹುಲ್ಲಿನವು, ದೇವರ ಮನೆಯ ನುಣ್ಣನೆ ನೆಲಕ್ಕೆ ಆಗುವಂಥವು. ಬೀದಿ ಗುಡಿಸಲು ಈಚಲ ಗರಿಯದು ಬೇಕೆಂಬುದು ನಮ್ಮಲ್ಲಿ ಯಾರಿಗೂ ತಿಳಿಯದು. ಅವನ್ನು ಪಡಸಾಲೆಯ ಗೋಡೆಗೆ ಸಾಲಾಗಿ ನಿಲ್ಲಿಸಿ, ಹಿಡಿಕೆಗಳಿಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿದೆವು.

ಅವ್ವ ಅಡಿಗೆ ಮನೆಯ ಬಾಗಿಲಲ್ಲಿ ನಿಂತು ನೋಡಿದಳು. "ಕಸಬರಿಗಿಗೆ ಈಬತ್ತಿ ಹಚ್ಚಾಕ ನಾಚಿಕಿ ಬರಂಗಿಲ್ಲೇನೋ ನಿಮಗ? ಗುಡಸೂದು ಯಾವಾಗ, ಪೂಜಿ ಮುಗದ ಮ್ಯಾಲೋ, ಜಾತ್ರಿ ಮುಗದ ಮ್ಯಾಲೋ?" ಎಂದಳು. ಅವ್ವನ ನಾಲಿಗೆಗೆ ಮೊದಲಿಂದಲೂ ಕಡಿವಾಣವಿಲ್ಲ.

ಮೊದಲ ಭಾನುವಾರ ಏಳು ಗಂಟೆಗೆ ಟೋಪಿ ಹಾಕಿಕೊಂಡು ಬೀದಿಗಿಳಿದರೆ ಮೇಲಿನ ತುದಿಯಿಂದ ಕೆಳಗಿನ ತುದಿಯ ತನಕ ಒಂದು ಕಡ್ಡಿ ಬಿದ್ದಿರಲಿಲ್ಲ. ಕಟ್ಟೆಗಳ ಮೇಲೆ ಕೂತ ಹಿರಿಯರು ನೋಡುತ್ತಿದ್ದಾರೆ. ಹನ್ನೆರಡು ಮಂದಿ ಹನ್ನೆರಡು ಕಸಬರಿಗೆ ಹಿಡಿದು, ಮದುವೆಗೆ ಬಂದು ಊಟವಿಲ್ಲ ಎಂದು ತಿಳಿದವರ ಹಾಗೆ ನಿಂತೆವು. ಬರೀ ನೆಲವನ್ನೇ ಗುಡಿಸಿದೆವು. ದೂಳೆದ್ದು ಹಿರಿಯರು ಕೆಮ್ಮಿದರು. ಅರ್ಧ ಗಂಟೆಯಲ್ಲಿ ಸೇವೆ ಮುಗಿಯಿತು.

ಆ ವಾರವೇ ಸುದ್ದಿ ಬಂತು: ಜಿಲ್ಲೆಯ ಹೆಲ್ತ್ ಆಫೀಸರು ಮುಂದಿನ ಭಾನುವಾರ ಊರಿಗೆ ಬರುತ್ತಾನೆ. ಮದ್ರಾಸಿನ ಕಡೆಯವನು, ಇಂಗ್ಲಿಷಿನಲ್ಲೇ ಉಸಿರಾಡುವ ಮನುಷ್ಯ. ಅವನ ಕಣ್ಣಿಗೆ ನಾವು ಗುಡಿಸುತ್ತಿರುವುದು ಬೀಳಬೇಕು, ಅವನು ಅದನ್ನು ಬರೆಯಬೇಕು, ಅದು ಪೇಪರಿಗೆ ಬರಬೇಕು. ಆದರೆ ಗುಡಿಸಲು ಕಸ ಎಲ್ಲಿಂದ ತರುವುದು? ನನ್ನ ತಲೆ ಪರೀಕ್ಷೆಯಲ್ಲಿ ಎಂದೂ ಓಡದಷ್ಟು ಜೋರಾಗಿ ಆ ದಿನ ಓಡಿತು. ಆಫೀಸರು ಬರುವ ತನಕ ಗುಡಿಸುವವಳನ್ನು ನಿಲ್ಲಿಸಿದರಾಯಿತು.

ಬುಧವಾರ ನಸುಕಿನಲ್ಲೇ ಎದ್ದು ಕಟ್ಟೆಯ ಮೇಲೆ ನಿಂತೆ. ಆಕೆ ಓಣಿಯ ಕೆಳಗಿನ ತುದಿಯಿಂದ ಗುಡಿಸುತ್ತಾ ಬಂದಳು. ಆಗ ಮೊದಲ ಸಲ ಆಕೆಯ ಮುಖ ನೋಡಿದ್ದು. ನಮ್ಮವ್ವನ ವಯಸ್ಸು. ಸೊಂಟಕ್ಕೆ ಸೆರಗು ಬಿಗಿದು, ಬಗ್ಗಿದ್ದವಳು ಬಗ್ಗಿದ ಹಾಗೇ ಇಪ್ಪತ್ತು ಹೆಜ್ಜೆ ಹೋಗಿ, ರಾಶಿ ಮಾಡಿ, ಬುಟ್ಟಿಗೆ ತುಂಬುತ್ತಿದ್ದಳು. ಗಂಡ ಸತ್ತಿದ್ದ. ಊರ ಹೊರಗೆ ಬೋರ್ಡಿನವರು ಗುಡಿಸುವವರಿಗೆಂದು ಕಟ್ಟಿಸಿದ ಸಾಲುಮನೆಯಲ್ಲಿ ಒಂದು ಖೋಲಿ ಆಕೆಯದು, ಕೆಲಸ ಇರುವ ತನಕ.

"ಏನಬೇ, ಇವತ್ತಿಂದ ಆಯ್ತಾರದ ತನಕ ಈ ಓಣಿ ಗುಡಸಬ್ಯಾಡ," ಎಂದೆ.

ಆಕೆ ನೆಟ್ಟಗಾಗಿ, ಸೆರಗು ಸಡಿಲಿಸಿ ತಲೆಯ ಮೇಲೆ ಎಳೆದುಕೊಂಡಳು. "ಯಾಕ್ರಿ ಸಣ್ಣ ಸಾವ್ಕಾರ್ರ? ಏನರ ತಪ್ಪಾತೇನ್ರಿ?"

"ತಪ್ಪೇನಿಲ್ಲ. ಆಯ್ತಾರ ನಾವು ಗುಡಸ್ತೀವಿ. ಸಾಹೇಬ ಬರ್ತಾನ ನೋಡಾಕ."

"ಮೇಸ್ತ್ರಿ ಬಿಡಂಗಿಲ್ರಿ. ಬೈತಾನ್ರಿ."

"ಮೇಸ್ತ್ರಿಗೆ ನಾ ಹೇಳ್ತೀನಿ. ನೀ ಹೋಗು."

ಆಕೆ ಇನ್ನೂ ನಿಂತಿದ್ದಳು. "ಮಗಳು ಬಾಣಂತನಕ್ಕ ಬಂದಾಳ್ರಿ. ಏಳು ತಿಂಗಳು. ಕೆಲಸಕ್ಕ ಏನೂ ಆಗಂಗಿಲ್ಲಲ್ರಿ?" ಎಂದಳು. "ನಾ ಅದೀನಿ," ಎಂದೆ. ಎದೆಯ ಮೇಲೆ ಕೈ ಇಟ್ಟುಕೊಂಡೇ ಹೇಳಿದೆ ಎಂದು ನೆನಪು. ಆಕೆ ಬುಟ್ಟಿ ಎತ್ತಿಕೊಂಡು ಹೋದಳು. ಮೇಸ್ತ್ರಿಗೆ ಹೇಳಬೇಕಾದ್ದು ಬಾಯಲ್ಲೇ ಉಳಿಯಿತು. ಬುಧವಾರ ಇಸ್ಪೀಟಿನಾಟ, ಗುರುವಾರ ಮರೆವು, ಶುಕ್ರವಾರ ಆಲಸ್ಯ. ಇಷ್ಟಕ್ಕೇ ಒಬ್ಬ ಹೆಂಗಸಿನ ಬದುಕು ಮುಗಿಯುತ್ತದೆ, ದೊಡ್ಡ ದುಷ್ಟತನವೇನೂ ಬೇಕಾಗುವುದಿಲ್ಲ.

ಓಣಿ ಗಬ್ಬೆದ್ದಿತು. ಅದು ತುಂಬು ಸುಗ್ಗಿ. ಶನಿವಾರದ ಹೊತ್ತಿಗೆ ನೊಣಗಳು ತಟ್ಟೆಯ ತನಕ ಬಂದವು. ಮೂಗು ಮುಚ್ಚಿಕೊಂಡು ಓಡಾಡುವ ಹಿರಿಯರಿಗೆ ನಾವು, "ನಾಳೆ ನೋಡ್ರಿ ನಮ್ಮ ಸೇವಾ," ಎಂದು ಹೇಳುತ್ತಿದ್ದೆವು. ಆದರೆ ಪೆದ್ದಕಡುಬೂರಿನ ಕಡೆಯ ಕೆಲಸ ಬೇಗ ಮುಗಿಯಿತೆಂದು ಆಫೀಸರು ಒಂದು ದಿನ ಮುಂಚೆಯೇ, ಶನಿವಾರ ಮಧ್ಯಾಹ್ನವೇ ಬಂದುಬಿಟ್ಟ. ಕಾರು ನಮ್ಮ ಓಣಿಯ ಬಾಯಲ್ಲಿ ನಿಂತಿತು. ಅವನು ಬಿಳಿ ಬೂಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕಾರಿನ ಮೆಟ್ಟಿಲ ಮೇಲೇ ನಿಂತುಕೊಂಡ.

ಮೇಸ್ತ್ರಿಯ ಮುಖ ಸುಣ್ಣದ ಹಾಗಾಯಿತು. ಗುಡಿಸುವವಳನ್ನು ಕರೆಸಿದರು. ಅಷ್ಟರಲ್ಲಿ ನಾವೂ ಟೋಪಿ ಹಾಕಿಕೊಂಡು ಓಡಿ ಬಂದಿದ್ದೆವು. ಆಫೀಸರು ಮುರುಕು ತೆಲುಗಿನಲ್ಲಿ, ಎಷ್ಟು ದಿನದಿಂದ ಗುಡಿಸಿಲ್ಲ ಎಂದು ಕೇಳಿದ. ಆಕೆ ನಾಲ್ಕು ದಿನ ಎಂದಳು. ಯಾಕೆ ಎಂದ. ಆಕೆ ನನ್ನ ಕಡೆ ನೋಡಿದಳು. ನಾನೇ ಹೇಳಲಿ ಎಂದು ಸ್ವಲ್ಪ ಹೊತ್ತು ಕಾದಳು ಕೂಡ.

"ಸಾವ್ಕಾರ್ರು ಬ್ಯಾಡ ಅಂದಿದ್ರುರಿ," ಎಂದಳು.

ಆಫೀಸರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇದು ನಿಜವೇ ಎಂದು ಕೇಳಿದ. ಹೌದು ಎನ್ನಲು ಎಷ್ಟು ಉಸಿರು ಬೇಕು? ಅವನು ನನ್ನನ್ನು ಮಾತಾಡಿಸಿದ್ದು ಇಂಗ್ಲಿಷಿನಲ್ಲಿ, ಸಮಾನನ ಹಾಗೆ. ಓಣಿಯ ಎಲ್ಲ ಕಟ್ಟೆಗಳ ಮೇಲೂ ಜನ. ಬಳ್ಳಾರಿಯಲ್ಲಿ ಎರಡು ಸಲ ಹೋದ ಮಾನ ಮೂರನೆಯ ಸಲವೂ ಹೋಗುತ್ತದೆಂದು ಅನ್ನಿಸಿತು. ನಾನೂ ಇಂಗ್ಲಿಷಿನಲ್ಲೇ, ಒಂದು ತಪ್ಪೂ ಇಲ್ಲದೆ ಹೇಳಿದೆ: ಇಲ್ಲ ಸಾರ್, ಇವರು ಕೆಲಸಗಳ್ಳರು, ಅದಕ್ಕೇ ನಾವು ಮಂಡಳಿ ಕಟ್ಟಬೇಕಾಯಿತು. ಕೊನೆಯ ಮಾತನ್ನು ಅವನು ಕೇಳಿರಲಿಲ್ಲ, ನಾನಾಗಿ ಸೇರಿಸಿದೆ.

ಅವನು ತಲೆದೂಗಿ ಮೇಸ್ತ್ರಿಗೆ ಏನೋ ಹೇಳಿ ಕಾರು ಹತ್ತಿದ. ಆಕೆಯ ಕೆಲಸ ಆ ಕ್ಷಣಕ್ಕೆ ಹೋಯಿತು. ತಿಂಗಳ ಕೊನೆಗೆ ಖೋಲಿ ಬಿಡಬೇಕೆಂದು ಮೇಸ್ತ್ರಿ ಅಲ್ಲೇ ಕೂಗಿ ಹೇಳಿದ. ಆಕೆಗೆ ನನ್ನ ಇಂಗ್ಲಿಷು ತಿಳಿದಿರಲಿಲ್ಲ. ಆದರೂ ನಾನು ಏನಂದೆ ಎಂಬುದು ತಿಳಿದಿತ್ತು.

ಮರುದಿನ ಭಾನುವಾರ ನಾವು ಓಣಿ ಗುಡಿಸಲು ಹೋದೆವು. ಹುಲ್ಲಿನ ಕಸಬರಿಗೆಗಳಿಗೆ ಸಗಣಿ ಮೆತ್ತಿಕೊಂಡು ಅವು ಅಡಿಗೆಯ ಸೌಟುಗಳಂತಾದವು. ಇಬ್ಬರು ವಾಂತಿ ಮಾಡಿಕೊಂಡರು. ಒಬ್ಬನನ್ನು ಅವನಪ್ಪ ಬಂದು ಕಿವಿ ಹಿಡಿದು ಒಳಗೆ ಎಳೆದುಕೊಂಡು ಹೋದ. ನಾಲ್ಕು ದಿನದ ಕಸದಲ್ಲಿ ಒಂದು ದಿನದ್ದೂ ಹೋಗಲಿಲ್ಲ.

ಅವ್ವ ಆ ದಿನ ನನಗೆ ನೀರು ಹಾಕುತ್ತಾ, "ಕಟ್ಟಿ ಮ್ಯಾಲ ನಿಂತು ಬ್ಯಾಡ ಅಂತ ಹೇಳಿದ್ದು ನೀನ. ನಾ ಒಳಗ ಕುಂತು ಕೇಳೀನಿ," ಎಂದಳು. "ಹೌದು ಅಂದ್ರ ನಿನ್ನ ಹಲ್ಲೇನು ಉದುರ್ತಿದ್ವ? ಹೋಗಿ ಆ ಸಾಹೇಬಗ ಒಂದು ಕಾಗದ ಬರಿ. ಅಷ್ಟರ ಕಲ್ತಿಯಿಲ್ಲ?" ಎಂದಳು. ಬರೆಯುತ್ತೇನೆ ಎಂದೆ. ಕಾಗದ ಮೇಜಿನ ಮೇಲೆ ಇಟ್ಟುಕೊಂಡೆ ಕೂಡ. ಅದರ ಮೇಲೆ ಮಂಡಳಿಯ ಹೆಸರನ್ನು ದುಂಡಗೆ ಬರೆದು ಅಲ್ಲಿಗೇ ನಿಲ್ಲಿಸಿದೆ.

ಎರಡು ದಿನದ ಮೇಲೆ ಆಕೆ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಮುಂದಿನ ಬಾಗಿಲು ಅವರಿಗಿರಲಿಲ್ಲ. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡು ನಾನೂ ದನಿ ಏರಿಸಲು ಸಿದ್ಧನಾಗಿಯೇ ಹೋದೆ. ಆಕೆ ದೂರ ನಿಂತು, "ಸಾಹೇಬ್ರ ಮುಂದ ಗಾಬರಿ ಆಗಿರ್ತದ ಬಿಡ್ರಿ, ಯಾರಿಗಾದ್ರೂ ಆಕ್ಕತಿ," ಎಂದಳು. ನಾನು ಹುಡುಕುತ್ತಿದ್ದ ನೆಪವನ್ನು ಆಕೆಯೇ ತಂದು ನನ್ನ ಕೈಗೆ ಕೊಟ್ಟಳು. "ಒಂದು ಮಾತು ಹೇಳ್ರಿ ಸಣ್ಣ ಸಾವ್ಕಾರ್ರ. ಖೋಲಿ ಹೋದ್ರ ಆ ಹೊಟ್ಟಿ ಹೊತ್ತಾಕಿನ್ನ ಎಲ್ಲಿ ಮಲಗಸ್ಲಿ?"

ಆಗ ನನಗೊಂದು ಉಪಾಯ ಹೊಳೆಯಿತು. ಅದು ಹೊಳೆದ ಗಳಿಗೆಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಕೈ ಎತ್ತಬೇಕು ಅನ್ನಿಸುತ್ತದೆ. ಆಫೀಸರು ಮೂರು ತಿಂಗಳಿಗೆ ಮತ್ತೆ ಬರುವವನಿದ್ದ. ಅಲ್ಲಿಯ ತನಕ ನೀನು ನಮ್ಮ ಮಂಡಳಿಯ ಜೊತೆ ಸೇವೆ ಮಾಡು, ಎಂದೆ. ಸಂಬಳವಿಲ್ಲ. ನಿನ್ನ ಕೆಲಸ ಅವನು ಕಣ್ಣಾರೆ ನೋಡಲಿ. ಎಲ್ಲರ ಮುಂದೆ ನಾನು ನಿಜ ಹೇಳಿ ನಿನ್ನ ಕೆಲಸ ನಿನಗೆ ಕೊಡಿಸುತ್ತೇನೆ. ಅಲ್ಲಿಯ ತನಕ ಖೋಲಿ ಇರಲೆಂದು ಮೇಸ್ತ್ರಿಗೆ ಹೇಳುತ್ತೇನೆ.

ಈ ಸಲ ಮೇಸ್ತ್ರಿಗೆ ಮರೆಯದೆ ಹೇಳಿದೆ, ಯಾಕೆಂದರೆ ಇದರಲ್ಲಿ ನನಗೂ ಲಾಭವಿತ್ತು. ಮೇಸ್ತ್ರಿ ತೆಲುಗು ಕನ್ನಡ ಕಲಸಿ ಮಾತಾಡುವವನು. "ಸರೇ ಸಾವ್ಕಾರ್ರ, ಬಿಟ್ಟಿ ಗುಡಸ್ತಾಳಂದ್ರ ನಮಗೇಮಿ ಕಷ್ಟಂ? ಆಕಿ ಜಾಗಾ ಖಾಲೀನ ಇಡ್ತೀನಿ," ಎಂದು ನಕ್ಕ. ಖಾಲಿ ಜಾಗದ ಸಂಬಳ ಎಲ್ಲಿಗೆ ಹೋಗುತ್ತದೆಂದು ನಾನು ಕೇಳಲಿಲ್ಲ.

ಆ ಮೂರು ತಿಂಗಳು ನಮ್ಮ ಓಣಿ ಹಿಂದೆಂದೂ ಇಲ್ಲದಷ್ಟು ಚೆಂದವಾಯಿತು. ಆಕೆ ದಿನಾ ನಸುಕಿಗೆ ಬರುತ್ತಿದ್ದಳು. ಮೊದಲು ಒಂದು ಸಲ ಗುಡಿಸುತ್ತಿದ್ದವಳು ಈಗ ಸಂಜೆಗೂ ಒಂದು ಸಲ ಬಂದಳು. ಬಚ್ಚಲ ನೀರು ಹರಿಯುವ ಚರಂಡಿಗಳಿಗೆ ಕೈಹಾಕಿ ಹೂಳು ತೆಗೆದಳು. ಓಣಿಯ ಎರಡೂ ಕಡೆ ಕಲ್ಲು ನೆಟ್ಟು ಸುಣ್ಣ ಬಳಿಯಬೇಕೆಂದು ನಾನು ಅಂದೆ, ಕಲ್ಲು ಹೊತ್ತವಳು ಆಕೆ. ಬೇವಿನ ಸಸಿ ಇಪ್ಪತ್ತು ನೆಡಬೇಕೆಂದೆ, ಗುಂಡಿ ತೋಡಿದವಳು ಆಕೆ. ನಾವು ಗೋಡೆಗಳ ಮೇಲೆ ಕೆಮ್ಮಣ್ಣಿನಲ್ಲಿ 'ಇಲ್ಲಿ ಉಗುಳಬಾರದು' ಎಂದು ಬರೆದೆವು. ಮಂಡಳಿಯ ಹನ್ನೆರಡು ಮಂದಿಯಲ್ಲಿ ಕೊನೆಗೆ ಉಳಿದವರು ಐದು. ಆ ಐವರೂ ಭಾನುವಾರ ಏಳು ಗಂಟೆಗೆ ಬಂದು, ಆಕೆ ಗುಡಿಸಿಟ್ಟ ನೆಲದ ಮೇಲೆ ಕಸಬರಿಗೆ ಹಿಡಿದು ಸ್ವಲ್ಪ ಹೊತ್ತು ಓಡಾಡಿ, ಉಪ್ಪಿಟ್ಟು ತಿಂದು ಹೋಗುತ್ತಿದ್ದೆವು.

ಸಸಿಗಳಿಗೆ ನೀರು ಬೇಕಿತ್ತು. ಓಣಿಯ ಬಾವಿಯನ್ನು ಆಕೆ ಮುಟ್ಟುವಂತಿಲ್ಲ. ಯಾರಾದರೂ ಸೇದಿ ಮೇಲಿಂದ ಆಕೆಯ ಕೊಡಕ್ಕೆ ಸುರಿಯಬೇಕು. ಅದು ಬೇಸಿಗೆ. ಮೊದಲು ತಮ್ಮ ಕೊಡ, ಆಮೇಲೆ ಎಮ್ಮೆಯ ಬಾನಿ, ಆಮೇಲೆ ಮಂಡಳಿಯ ಸಸಿ ಎಂದು ಹೆಂಗಸರು ಲೆಕ್ಕ ಇಟ್ಟುಕೊಂಡಿದ್ದರು. ಆಕೆ ಬಾವಿಯಿಂದ ಹತ್ತು ಹೆಜ್ಜೆ ದೂರ ಬಿಸಿಲಲ್ಲಿ ಕೂತು, "ಒಂದು ಕೊಡ ಹಾಕ್ರೆವ್ವಾ, ಗಿಡಕ್ರಿ, ಗಿಡಕ್ಕ," ಎನ್ನುತ್ತಿದ್ದಳು. ತನಗೆ ಎಂದು ಕೇಳಿದ್ದನ್ನು ನಾನು ಕಾಣೆ. ಗಿಡಕ್ಕೆ ಎಂದರೆ ಬೇಗ ಹಾಕುತ್ತಿದ್ದರು, ಗಿಡಕ್ಕೆ ಜಾತಿ ಇರಲಿಲ್ಲ. ಸುರಿದ ನೀರಿನಲ್ಲಿ ಒಂದು ಬೊಗಸೆ ಅವಳು ಕುಡಿದದ್ದನ್ನು ನೋಡಿ ನಮ್ಮ ಮಂಡಳಿಯ ಒಬ್ಬ, ಸಸಿಯ ನೀರು ಕದಿಯುತ್ತಾಳೆ ಎಂದು ತಮಾಷೆ ಮಾಡಿದ. ನಾವು ಐವರೂ ನಕ್ಕೆವು.

ಒಂದು ದಿನ ಆಕೆ ನನ್ನ ತೋಳಿನ ಹಸಿರು ಪಟ್ಟಿ ತೋರಿಸಿ, "ಅಂಥಾದ್ದೊಂದು ನನಗೂ ಕೊಡ್ರಿ. ಸಾಹೇಬ್ರಿಗೆ ನಾನೂ ನಿಮ್ಮಾಕಿ ಅಂತ ಗೊತ್ತಾಗ್ಲಿ," ಎಂದಳು. ಅದು ಸದಸ್ಯರಿಗೆ ಮಾತ್ರ ಎಂದೆ. ಆಕೆಗೆ ಅದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. "ಹೌದಲ್ರಿ, ಹೌದಲ್ರಿ," ಎಂದು ಕೆಲಸಕ್ಕೆ ಹೋದಳು.

ತಿನ್ನುವುದಕ್ಕೆ ಓಣಿಯ ಮನೆಗಳವರು ಸಂಜೆ ಉಳಿದ ರೊಟ್ಟಿ ಹಾಕುತ್ತಿದ್ದರು. ಅದು ಹಳೆಯ ರೂಢಿ. ಹಾಗಾಗಿ ಆಕೆ ಸಂಬಳವಿಲ್ಲದೆ ದುಡಿಯುತ್ತಾಳೆ ಎಂಬ ಮಾತು ಯಾರ ಮನಸ್ಸಿಗೂ ಚುಚ್ಚಲಿಲ್ಲ. ನಮ್ಮವ್ವ ಮಾತ್ರ ರೊಟ್ಟಿಯ ಮೇಲೆ ಬಿಸಿ ಪಲ್ಯ ಹಾಕಿ ಕೊಡುತ್ತಿದ್ದಳು. ಕೊಟ್ಟು ಬಂದು ನನ್ನ ಮುಖ ನೋಡಿ, "ಕಾಗದ ಬರದಿಯೇನು?" ಎಂದು ಕೇಳುತ್ತಿದ್ದಳು. ನಾನು, "ಸಾಹೇಬನ ಬರ್ತಾನಲ್ಲ, ಕಾಗದ ಯಾಕ?" ಎನ್ನುತ್ತಿದ್ದೆ. ಎರಡು ತಿಂಗಳ ಮೇಲೆ ಆಕೆಯ ಮಗಳಿಗೆ ಗಂಡು ಮಗುವಾಯಿತು. ಆ ದಿನವೂ ಆಕೆ ಓಣಿ ಗುಡಿಸಿಯೇ ಹೋದಳು. ಅವ್ವ ಹಳೆಯ ಸೀರೆ, ಬೆಲ್ಲ, ಕೊಬ್ಬರಿ ಕಳಿಸಿದಳು.

ಆಫೀಸರು ಬಂದ. ಈ ಸಲ ಹೇಳಿದ ದಿನಕ್ಕೇ ಬಂದ. ನಾವು ಓಣಿಯ ಬಾಯಿಗೆ ಮಾವಿನ ತೋರಣ ಕಟ್ಟಿ, ಕುರ್ಚಿಗಳನ್ನು ಹಾಕಿಸಿದ್ದೆವು. ಕಾರಿನಿಂದ ಇಳಿದವನು ನಡೆದುಕೊಂಡೇ ಓಣಿಯ ಕೊನೆಯ ತನಕ ಹೋಗಿ ಬಂದ. ಚರಂಡಿಗೆ ಬಗ್ಗಿ ನೋಡಿದ. ಸುಣ್ಣದ ಕಲ್ಲುಗಳನ್ನು, ಚಿಗುರಿದ ಸಸಿಗಳನ್ನು ನೋಡಿದ. ಓಣಿಯ ಕೆಳಗಿನ ತುದಿಯಲ್ಲಿ ಆಕೆ ತೊಳೆದ ಸೀರೆ ಉಟ್ಟು, ಕಸಬರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವನು ಆಕೆಯ ಪಕ್ಕದಲ್ಲೇ ಹಾದು ಹೋದ.

ಕುರ್ಚಿಗೆ ಬಂದು ಇಂಗ್ಲಿಷಿನಲ್ಲಿ ಭಾಷಣ ಮಾಡಿದ. ಕನ್ನಡಕ್ಕೆ ಹೇಳುವವನು ನಾನು. ಇಡೀ ಜಿಲ್ಲೆಯಲ್ಲಿ ಇಂಥ ಓಣಿ ನೋಡಿಲ್ಲ ಎಂದ, ಹೇಳಿದೆ. ವಿದ್ಯಾವಂತ ಯುವಕರು ಬೆವರು ಸುರಿಸಿದರೆ ಏನಾಗುತ್ತದೆಂದು ಇಲ್ಲಿ ಬಂದು ಕಲಿಯಲಿ ಎಂದ, ಅದನ್ನೂ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅವನು ಬೋರ್ಡಿನವರ ಕಡೆ ತಿರುಗಿ, ಈ ಓಣಿಯಲ್ಲಿ ಗುಡಿಸುವವರ ಜಾಗ ಮೂರು ತಿಂಗಳಿಂದ ಖಾಲಿ ಇದೆಯಂತೆ, ಮಂಡಳಿ ಇಷ್ಟು ಚೆನ್ನಾಗಿ ನಡೆಯುವಾಗ ಆ ಜಾಗ ಬೇಡವೇ ಬೇಡ, ಪಟ್ಟಿಯಿಂದ ತೆಗೆದುಹಾಕಿ ಎಂದ.

ಆ ಮಾತನ್ನು ನಾನು ಕನ್ನಡಕ್ಕೆ ಹೇಳಲಿಲ್ಲ. ನನ್ನ ಕೊರಳಲ್ಲಿ ಚೆಂಡುಹೂವಿನ ಹಾರ ಇತ್ತು. ಓಣಿಯ ತುದಿಯಲ್ಲಿ ಆಕೆ ನನ್ನ ಬಾಯನ್ನೇ ನೋಡುತ್ತಿದ್ದಳು.

ದೇವರು ಅನ್ನುವವನು ಇದ್ದರೆ ಅವನು ನನಗೆ ಇನ್ನೊಂದು ಅವಕಾಶವನ್ನೂ ಕೊಟ್ಟ. ಆಫೀಸರು ನನ್ನ ಬೆನ್ನು ತಟ್ಟಿ, ನಿಮ್ಮ ಮಂಡಳಿಗೆ ನನ್ನಿಂದ ಏನಾದರೂ ಆಗಬೇಕೇ, ಸಂಕೋಚವಿಲ್ಲದೆ ಕೇಳು, ಎಂದ. ಇದಕ್ಕೇ ತಾನೇ ಆಕೆ ಮೂರು ತಿಂಗಳು ಸಗಣಿ ಬಳಿದದ್ದು? ಇದೇ ಗಳಿಗೆಗೆ ತಾನೇ ನಾನು ಮಾತು ಕೊಟ್ಟದ್ದು? ನಿಜ ಹೇಳಿದರೆ ಅವನ ಕೈ ನನ್ನ ಬೆನ್ನಿನಿಂದ ಹಿಂದಕ್ಕೆ ಹೋಗುತ್ತದೆ, ಹಾರ ಕೊರಳಿನಲ್ಲಿ ಹಾವಾಗುತ್ತದೆ. ಓಣಿಯ ಬಾಯಲ್ಲಿ ಮಂಡಳಿಯ ಹೆಸರು ಕೆತ್ತಿದ ಒಂದು ಕಲ್ಲು ನಿಲ್ಲಿಸಲು ಬೋರ್ಡಿಗೆ ಹೇಳಬೇಕು ಸಾರ್, ಎಂದೆ. ಆಗಲಿ ಎಂದ.

ಕಾರು ಹೋಯಿತು. ಜನ ಚದುರಿದರು. ಆಕೆ ಹತ್ತಿರ ಬಂದಳು, ಅಂದರೆ ಅವರು ಬರಬಹುದಾದಷ್ಟು ಹತ್ತಿರ.

"ಹೇಳಿದ್ರೇನ್ರಿ ಸಣ್ಣ ಸಾವ್ಕಾರ್ರ?"

"ಹೇಳೀನಿ."

"ಏನಂದ್ರು?"

"ಆತು ಅಂದ್ರು."

ಆಕೆ ಎರಡೂ ಕೈಯನ್ನು ನೆಲಕ್ಕೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. "ನಿಮ್ಮ ಹೊಟ್ಟಿ ತಣ್ಣಗಿರಲಿ," ಎಂದಳು. ಆಮೇಲೆ ಅಲ್ಲೇ ಬಗ್ಗಿ, ಕುರ್ಚಿಗಳ ಸುತ್ತ ಬಿದ್ದಿದ್ದ ಹೂವಿನ ಎಸಳನ್ನೂ ಮಾವಿನೆಲೆಯನ್ನೂ ಗುಡಿಸತೊಡಗಿದಳು. ನಾನು ಹೊಸ್ತಿಲು ದಾಟಿ ಒಳಗೆ ಬಂದೆ.

ಮರುದಿನ ಆಕೆ ಕೆಲಸಕ್ಕೆ ಹೆಸರು ಬರೆಸಲು ಮೇಸ್ತ್ರಿಯ ಹತ್ತಿರ ಹೋದಳಂತೆ. ಆ ಜಾಗವೇ ಇಲ್ಲ, ಸಾಹೇಬ ತೆಗೆದುಹಾಕಿದ್ದಾನೆ ಎಂದು ಅವನು ಹೇಳಿದನಂತೆ. ಆಕೆ ನಂಬಲಿಲ್ಲ. "ಸಾವ್ಕಾರ್ರು ಹೇಳ್ಯಾರ, ಸಾಹೇಬ್ರು ಆತು ಅಂದಾರ. ನೀ ಸುಳ್ಳು ಹೇಳ್ತಿ, ಆ ಜಾಗಾ ಇನ್ಯಾರಿಗೋ ಮಾರ್ಕೊಂಡಿ," ಎಂದು ಅವನ ಮುಖದ ಮೇಲೇ ಅಂದಳಂತೆ. ಮೇಸ್ತ್ರಿ ಇದನ್ನು ನನಗೆ ನಗುತ್ತಾ ಹೇಳಿದ. ಹನ್ನೆರಡು ವರ್ಷ ಅವನ ಕೈಕೆಳಗೆ ದುಡಿದು ತಲೆ ಎತ್ತದವಳು ನನ್ನ ಮಾತಿನ ಬಲದ ಮೇಲೆ ಅವನಿಗೆ ಎದುರು ನಿಂತಿದ್ದಳು. ಅವನು ಅದನ್ನು ಮರೆಯುವ ಜಾತಿಯಲ್ಲ. ಆಕೆ ಮುಂದಿನ ಐದು ದಿನವೂ ನಸುಕಿಗೆ ಬಂದು ಓಣಿ ಗುಡಿಸಿದಳು, ಸಸಿಗೆ ನೀರು ಹಾಕಿದಳು. ಕಸಬರಿಗೆಯ ಸದ್ದು ಕೇಳಿದರೆ ನಾನು ದುಪ್ಪಟಿಯನ್ನು ಕಿವಿಯ ಮೇಲಕ್ಕೆ ಎಳೆದುಕೊಳ್ಳುತ್ತಿದ್ದೆ.

ಆರನೆಯ ದಿನ ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ಹಿತ್ತಲ ಬಾಗಿಲಲ್ಲಿ ಯಾರೋ ಕೂಗಿದರು. ಸಾಲುಮನೆಯ ಒಬ್ಬ ಮುದುಕ. ಓಡಿ ಬಂದವನು ಏದುಸಿರು ಬಿಡುತ್ತಿದ್ದ. ಬೋರ್ಡಿನವರು ಬಂದು ಆಕೆಯ ಖೋಲಿಯ ಸಾಮಾನು ಹೊರಗೆ ಇಡುತ್ತಿದ್ದಾರೆ, ಗಡಿಗೆ ಒಡೆದಿದ್ದಾರೆ, ಬಾಣಂತಿಯನ್ನು ಕೂಸಿನ ಸಮೇತ ಬಿಸಿಲಲ್ಲಿ ಕೂಡಿಸಿದ್ದಾರೆ ಎಂದ. "ಆಕಿ ಬಾಗಲಕ್ಕ ಅಡ್ಡ ಕುಂತಾಳ್ರಿ ಅಮ್ಮಾರ. ಸಣ್ಣ ಸಾವ್ಕಾರ್ರನ್ನ ಕರಕೊಂಬಾ, ಅವ್ರು ಬಂದು ಒಂದು ಮಾತು ಅಂದ್ರ ಇವ್ರೆಲ್ಲಾ ಹೊಕ್ಕಾರ ಅಂತಾಳ್ರಿ."

ನಾನು ತಟ್ಟೆಯಿಂದ ತಲೆ ಎತ್ತದೆ, ಮೆಲ್ಲಗೆ, "ಊರಾಗಿಲ್ಲ ಅನ್ನು," ಎಂದೆ.

ಅವ್ವ ರೊಟ್ಟಿಯ ಬುಟ್ಟಿ ಕೈಯಲ್ಲಿ ಹಿಡಿದುಕೊಂಡೇ ಹಿತ್ತಲ ಬಾಗಿಲಿಗೆ ಹೋದಳು.

"ಮನ್ಯಾಗ ಅದಾನಪ್ಪ," ಎಂದಳು, ಒಳಗಿನವರಿಗೂ ಹೊರಗಿನವರಿಗೂ ಕೇಳುವ ಹಾಗೆ. "ಉಣ್ಣಾಕತ್ತಾನ."

ಮುದುಕ ಕೇಳಿದ, "ಉಂಡ ಮ್ಯಾಲ ಬರ್ತಾರೇನ್ರಿ?"

"ಅವನ್ನ ಕೇಳು," ಎಂದಳು ಅವ್ವ.

ಅವನು ಬಾಗಿಲ ಆಚೆ ನಿಂತು ಕಾದ. ಅವನಿಗೆ ನಾನು ಕಾಣುತ್ತಿರಲಿಲ್ಲ, ಅವನ ನೆರಳು ಮಾತ್ರ ನನಗೆ ಕಾಣುತ್ತಿತ್ತು. ಅವ್ವ ಬಂದು ಬುಟ್ಟಿಯನ್ನು ನನ್ನ ಮುಂದೆ ಕುಕ್ಕಿ, ಬಡಿಸದೆ ಒಳಗೆ ಹೋದಳು. ಇನ್ನೊಂದು ರೊಟ್ಟಿಯನ್ನು ನಾನೇ ಹಾಕಿಕೊಂಡೆ. ಪುಂಡಿಪಲ್ಯ ಹಚ್ಚಿಕೊಂಡು, ಚೂರು ಚೂರಾಗಿ ಮುರಿದು, ನಿಧಾನವಾಗಿ ತಿಂದೆ. ಆಮೇಲೆ ಮತ್ತೊಂದು ಹಾಕಿಕೊಂಡೆ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಲ್ಲಿ ಯಾರೂ ಇರಲಿಲ್ಲ.